ಆಗದವರ ದನಿ

ಇದನ್ನೆಲ್ಲ ಬಾಯಲ್ಲಿ ಹೇಳಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಮಾತಿನಲ್ಲಿ ನಾನು ಜೋರು, ಬರವಣಿಗೆಯಲ್ಲಿ ಅಷ್ಟಕ್ಕಷ್ಟೆ. ಆದರೆ ಸದ್ಯಕ್ಕೆ ನನ್ನ ದನಿ ನನ್ನ ಹತ್ತಿರ ಇಲ್ಲ. ಅದು ಹೊಳೆಯ ಆಚೆ ದಡದಲ್ಲಿದೆ, ಅದೂ ನಾನು ಕನಸಿನಲ್ಲೂ ನೆನೆಸದ ಒಬ್ಬರ ಗಂಟಲಿನಲ್ಲಿ. ಅಲ್ಲಿಗೆ ಅದು ಹೇಗೆ ಹೋಯಿತು ಅಂತ ಹಾಸ್ಟೆಲ್ಲಿನ ಹುಡುಗಿಯರು ಕೈಸನ್ನೆ ಮಾಡಿ ಮಾಡಿ ತಲೆ ತಿನ್ನುತ್ತಿದ್ದಾರೆ. ಒಬ್ಬೊಬ್ಬರಿಗೂ ಕೈ ಕುಣಿಸುವ ಬದಲು ಒಂದು ಸಲ ಬರೆದು ಗೋಡೆಗೆ ಅಂಟಿಸಿಬಿಡುತ್ತೇನೆ.

ನಮ್ಮೂರಿನಲ್ಲಿ ದನಿ ಕೊಡುವುದು, ಇಸಿದುಕೊಳ್ಳುವುದು ದೊಡ್ಡ ಸಂಗತಿಯೇನಲ್ಲ. ಒಂದು ಲೋಟ ನೀರಿಗೆ ತುಟಿ ತಾಗಿಸಿ ನಮ್ಮ ಹೆಸರು ಹೇಳಿ ಕೊಟ್ಟರೆ ಮುಗಿಯಿತು, ಕುಡಿದವರಿಗೆ ದನಿ ಹೋಗುತ್ತದೆ. ವಾಪಸು ಬರುವ ತನಕ ಕೊಟ್ಟವರು ಸುಮ್ಮನಿರಬೇಕು. ಮೊದಲ ವಾರ ಹೊಸ ದನಿಯೇ ಮೇಲಿರುತ್ತದೆ, ಬಾಯಿ ಬಿಟ್ಟರೆ ಅದೇ. ಆಮೇಲೆ ಗಂಟಲು ಪಳಗಿ, ಬೇಕೆಂದಾಗ ತನ್ನದನ್ನೂ ಬೇಕೆಂದಾಗ ಎರವಲಿನದನ್ನೂ ಎತ್ತಿಕೊಳ್ಳುತ್ತದೆ. ಮಗು ಮಲಗಿಸಲು ಹೆಂಡತಿಯ ದನಿ ಕುಡಿದು ಕೂತ ಗಂಡಸರು ಬೀದಿಗೆ ಒಬ್ಬರಾದರೂ ಸಿಗುತ್ತಾರೆ. ನಮ್ಮ ಸೋದರಮಾವ ಹೆಣ್ಣು ನೋಡಲು ಹೋಗುವಾಗ ಗೆಳೆಯನ ದನಿ ಕುಡಿದು ಹೋಗಿದ್ದ. ಮದುವೆಯಾಗಿ ಎಷ್ಟೋ ಕಾಲವಾದರೂ ಆ ಗೆಳೆಯ ಮನೆಗೆ ಬಂದರೆ ಅತ್ತೆ ಕಾಫಿಗೆ ಸಕ್ಕರೆ ಹೆಚ್ಚು ಹಾಕುತ್ತಾಳೆ.

ಕೋರ್ಟಿನಲ್ಲೂ ಇದೇ ಪದ್ಧತಿ. ವಕೀಲರು ತಮ್ಮ ದನಿಯಲ್ಲಿ ವಾದಿಸುವಂತಿಲ್ಲ, ಕಕ್ಷಿದಾರರ ದನಿಯಲ್ಲೇ ಮಾತಾಡಬೇಕು. ಕಕ್ಷಿದಾರರು ಹಿಂದಿನ ಬೆಂಚಿನಲ್ಲಿ, ದನಿ ಕೊಟ್ಟ ಅದೇ ಲೋಟವನ್ನು ಮಡಿಲಲ್ಲಿಟ್ಟುಕೊಂಡು, ಕೈಯಲ್ಲೊಂದು ಚಮಚ ಹಿಡಿದು ಕೂರುತ್ತಾರೆ. ತಮ್ಮ ಮನಸ್ಸಿನಲ್ಲಿ ಇಲ್ಲದ್ದನ್ನು ವಕೀಲರು ಹೇಳಿದರೆ ಲೋಟಕ್ಕೆ ಟಣ್ ಅಂತ ಬಡಿಯುತ್ತಾರೆ. ವಕೀಲರು ಆ ಮಾತನ್ನು ವಾಪಸು ತೆಗೆದುಕೊಂಡು ಬೇರೆ ಹೇಳಬೇಕು. ಮೂರನೇ ಸಲ ಬಡಿದರೆ ಕೋಟು ಬಿಚ್ಚಿ ಹೊರಗೆ ನಡೆಯಬೇಕು. ಸ್ಕೂಲಿಗೆ ಹೋಗುವಾಗ ನಾನು ಕೋರ್ಟಿನ ಕಿಟಕಿಯ ಕೆಳಗೆ ನಿಂತು ಆ ಟಣ್ ಟಣ್ ಕೇಳುತ್ತಿದ್ದೆ. ಯಾವತ್ತಾದರೂ ಒಂದು ದಿನ ಒಂದೂ ಸದ್ದು ಬರದ ಹಾಗೆ ವಾದ ಮಾಡಬೇಕು ಅಂತ ಆಗಲೇ ತಲೆಗೆ ಹೊಕ್ಕಿತ್ತು.

ಆದರೆ ಆಗಿದ್ದು ಸೀರೆಗೆ ಫಾಲ್ಸ್ ಹಚ್ಚಿ ಪಿಕೋ ಮಾಡುವ ಅಂಗಡಿಯವಳು. ಅದರಲ್ಲೇನೂ ಬೇಜಾರಿಲ್ಲ. ಸೀರೆ ಕೊಡಲು ಬಂದವರು ಸ್ಟೂಲಿನ ಮೇಲೆ ಕೂತು ಮನೆಯ ಜಗಳ ಬಿಚ್ಚುತ್ತಿದ್ದರು, ನಾನು ಮಿಷನ್ ತುಳಿಯುತ್ತಲೇ ಎರಡೂ ಕಡೆಯಿಂದ ವಾದ ಮಾಡಿ ತೀರ್ಪನ್ನೂ ಕೊಟ್ಟು ಕಳಿಸುತ್ತಿದ್ದೆ. ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಯನ್ನು ಮಾತ್ರ ಮತ್ತೆ ಮತ್ತೆ ಕಟ್ಟಿ, ಮತ್ತೆ ಮತ್ತೆ ಡುಮ್ಕಿ ಹೊಡೆದೆ. ಈ ವರ್ಷ ಅದು ಹೇಗೋ ಪಾಸಾಯಿತು. ಮೂವತ್ತು ತುಂಬಿದವರನ್ನು ಕಾಲೇಜು ತೆಗೆದುಕೊಳ್ಳುವುದಿಲ್ಲ, ನನಗೆ ಬರುವ ಮಾಘಕ್ಕೆ ಮೂವತ್ತು. ಅಂದರೆ ಈ ಸಲ ಸೀಟು ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಜೀವಮಾನವೆಲ್ಲ ಫಾಲ್ಸು.

ಪರೀಕ್ಷೆಯ ಮೇಲೆ ಸಂದರ್ಶನ. ಅದಕ್ಕೊಂದು ನಿಯಮ ಇತ್ತು: ಅರ್ಜಿ ಹಾಕಿದವರು ತಮಗೆ ಆಗದವರೊಬ್ಬರ ದನಿಯನ್ನು ಕೇಳಿ ತರಬೇಕು, ಒಂದು ವಾರದೊಳಗೆ ಸಂದರ್ಶನಕ್ಕೆ ಬಂದು ಅವರ ಪರವಾಗಿ ತಮ್ಮ ಮೇಲಿನ ದೂರನ್ನೇ ವಾದಿಸಬೇಕು. ಬೇಕಾದವರ ಪರ ಯಾರು ಬೇಕಾದರೂ ಮಾತಾಡುತ್ತಾರೆ, ಅದನ್ನು ಕಲಿಸೋಕೆ ಕಾಲೇಜು ಯಾಕೆ ಅನ್ನುವುದು ಅವರ ಲೆಕ್ಕ.

ಈ ನಿಯಮದಿಂದ ಪ್ರತಿ ವರ್ಷ ಆ ತಿಂಗಳು ಊರಿನ ನೆಮ್ಮದಿ ಕೆಡುತ್ತಿತ್ತು. ಎಲ್ಲರ ಹತ್ತಿರವೂ ಚೆನ್ನಾಗಿದ್ದ ಹುಡುಗರು ಒಬ್ಬ ಶತ್ರುವಿಗಾಗಿ ಬೀದಿ ಬೀದಿ ಅಲೆಯುತ್ತಿದ್ದರು. ವಾಮನ ಮೇಷ್ಟ್ರು ಅನ್ನುವವರು ಇದಕ್ಕೇ ಟ್ಯುಟೋರಿಯಲ್ ನಡೆಸುತ್ತಿದ್ದರು, ಜಗಳ ತೆಗೆಯುವುದು ಹೇಗೆ, ಅದನ್ನು ಸಂದರ್ಶನದ ತನಕ ಆರದ ಹಾಗೆ ನೋಡಿಕೊಳ್ಳುವುದು ಹೇಗೆ ಅಂತ. ನಾನೂ ಸೇರಿದ್ದೆ. ನನ್ನ ಪಕ್ಕ ಕೂರುತ್ತಿದ್ದವನು ಪಾತ್ರೆ ಅಂಗಡಿಯ ಗುಣಪಾಲ. ಹೆಸರಿಗೆ ತಕ್ಕ ಹುಡುಗ, ಅದೇ ಅವನ ಕಷ್ಟ. ಮೇಷ್ಟ್ರು ಹೇಳಿದರು ಅಂತ ಸಂತೆಯಲ್ಲಿ ಒಬ್ಬರ ಕಾಲು ತುಳಿದ. ಅವರು "ಪರವಾಗಿಲ್ಲ ಮಗಾ" ಅಂದರು. ಇವನು ತಡೆಯಲಾರದೆ ಅವರ ಚೀಲ ಹೊತ್ತು ಮನೆತನಕ ಬಿಟ್ಟು ಬಂದ.

ನನ್ನ ಕಷ್ಟ ಬೇರೆ. ನನಗೆ ಆಗದವರು ಬೇಕಾದಷ್ಟಿದ್ದರು, ಕೊಡುವವರು ಇರಲಿಲ್ಲ. ತೀರ್ಪು ಕೊಟ್ಟು ಕಳಿಸಿದ್ದೆನಲ್ಲ, ಸೋತ ಕಡೆಯವರ ಮನೆಗೆಲ್ಲ ಹೋದೆ. ಒಬ್ಬರು ಬಾಗಿಲು ತೆಗೆಯಲಿಲ್ಲ. ಇನ್ನೊಬ್ಬರು ತೆಗೆದು, ಯಾರು ಅಂತ ನೋಡಿ ಹಾಕಿದರು. ಅವ್ವ ಅಡುಗೆಮನೆಯಿಂದಲೇ ಅಂದಳು, "ಬೀದಿ ಸುತ್ತಿ ಯಾಕೆ ಕಾಲು ಸವೆಸ್ತೀಯೆ? ಎದುರುಗಡೇನೇ ಅವ್ರಲ್ಲ, ದಿನಾ ನಿನ್ನ ಜನ್ಮ ಜಾಲಾಡೋರು."

ಎದುರುಗಡೆ ಇದ್ದವರು ಗಿರಣಿ ಕೆಂಪಾಜಮ್ಮ. ನನ್ನ ಅಂಗಡಿಗೂ ಅವರ ಹಿಟ್ಟಿನ ಗಿರಣಿಗೂ ನಡುವೆ ಒಂದು ಓಣಿಯಷ್ಟೇ. ಅವರ ಗಿರಣಿಯಿಂದ ಹಾರಿದ ಹಿಟ್ಟು ನನ್ನ ಗಿರಾಕಿಗಳ ರೇಷ್ಮೆ ಸೀರೆಯ ಮೇಲೆ ಕೂರುತ್ತದೆ ಅಂತ ನನ್ನ ತಕರಾರು. ನಾನು ಕತ್ತರಿಸಿದ ದಾರದ ಚೂರು ಹಾರಿ ಅವರ ಗಿರಾಕಿಗಳ ರಾಗಿ ಹಿಟ್ಟಿಗೆ ಬೀಳುತ್ತದೆ ಅಂತ ಅವರದು. ಬೆಳಿಗ್ಗೆ ಬಾಗಿಲು ತೆಗೆಯುತ್ತಲೇ ಶುರು, ಸಾಯಂಕಾಲ ಬಾಗಿಲು ಹಾಕುವಾಗ ಮುಕ್ತಾಯ. ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವರ ದನಿ ಓಣಿಗೆ ಹೆಚ್ಚಾಗಿತ್ತು.

ಹೋಗಿ ಕೇಳಿದೆ. ಮೊದಲ ಸಲವೇ ಕೇಳಿಸಿದ್ದರೂ ಇನ್ನೆರಡು ಸಲ ಹೇಳಿಸಿಕೊಂಡರು. ನಾನು ಬೇಡುವುದನ್ನು ನೋಡಲು ಅವರಿಗೆ ಖುಷಿಯಾಗಿತ್ತು.

"ನನ್ನ ಗಂಟ್ಲು ಕೊಟ್ಟು ನಿನ್ನ ವಕೀಲೀನ ಮಾಡ್ಲಾ? ಬೀದೀಲಿ ನಿಂತೇ ನನ್ನ ಜೀವ ಹಿಂಡ್ತೀಯ. ಕೋಟು ಬೇರೆ ಹಾಕ್ಕೊಂಡ್ರೆ ನನ್ನ ಗತಿ ಏನವ್ವಾ?"

"ನನ್ನ ಪರವಾಗಿ ಅಲ್ಲ ಕೆಂಪಾಜಮ್ಮ. ನನ್ನ ಮೇಲೆ ನಿಮ್ಮ ದೂರು ಏನಿದೆಯೋ ಅದನ್ನೇ ದೊಡ್ಡವರ ಮುಂದೆ ಹೇಳ್ಬೇಕು."

ಅವರು ಗಿರಣಿ ನಿಲ್ಲಿಸಿದರು. ಗಿರಾಕಿ ಕಾಯುತ್ತಿದ್ದರೂ ನಿಲ್ಲಿಸಿದರು. "ದಾರದ ವಿಷ್ಯ ಹೇಳ್ತೀಯಾ?"

"ಹೇಳ್ಬೇಕು."

"ನನ್ನನ್ನ ಹಿಟ್ಟಿನ ದೆವ್ವ ಅಂದಿದ್ದೆಯಲ್ಲ, ಆವತ್ತು?"

ಮರೆತಿರುತ್ತಾರೆ ಅಂದುಕೊಂಡಿದ್ದೆ. "ಅದನ್ನೂ."

"ಕೊನೇಲಿ, ಇಂಥವ್ಳಿಗೆ ಸೀಟು ಕೊಡ್ಬೇಡಿ ಅಂತ?"

"ನೀವು ಹೇಳು ಅಂದ್ರೆ ಹೇಳ್ಬೇಕು."

ಕೆಂಪಾಜಮ್ಮ ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡರು. "ಹಂಗಾರೆ ಲೋಟ ತತ್ತಾ."

ಬಾಯಿ ಮುಚ್ಚುವ ಮುಂಚೆ ದೂರನ್ನೆಲ್ಲ ಒಪ್ಪಿಸಿದರು. ಒಂದು ಬಿಸ್ಕತ್ ಡಬ್ಬಿಯನ್ನೂ ಕೊಟ್ಟರು. ಅದರ ತುಂಬ ಹಿಟ್ಟಿನಿಂದ ಆರಿಸಿ ತೆಗೆದ ದಾರದ ಚೂರುಗಳು, ಕೆಂಪು, ಹಸಿರು, ಮಾವಿನಹಣ್ಣಿನ ಬಣ್ಣದವು. ಯಾವತ್ತಾದರೂ ಒಬ್ಬರು ಕೇಳುವವರು ಸಿಗುತ್ತಾರೆ ಅಂತ ಇಷ್ಟು ಕಾಲ ಕೂಡಿಟ್ಟಿದ್ದರು. ಆಮೇಲೆ ಲೋಟದ ನೀರಿಗೆ ಹೆಸರು ಹೇಳಿ ನನ್ನ ಕೈಗಿಟ್ಟರು. ಕುಡಿದೆ. ನೀರಿನಲ್ಲಿ ಸ್ವಲ್ಪ ಹಿಟ್ಟಿತ್ತು.

ಆ ವಾರ ನಮ್ಮ ಓಣಿಗೆ ಮಂಕು ಕವಿಯಿತು. ನಾನು ಮನೆಯೊಳಗೆ "ಅವ್ವಾ, ಉಪ್ಪು" ಅಂದರೆ ಅವ್ವ ಬೆಚ್ಚಿ ಹೊರಗೆ ಓಡುತ್ತಿದ್ದಳು, ಎದುರುಮನೆಯವರು ಜಗಳಕ್ಕೆ ಬಂದರು ಅಂತ. ಅಂಗಡಿಗೆ ಬಂದ ಹೆಂಗಸರು ನನ್ನ ಬಾಯಿಂದ ಕೆಂಪಾಜಮ್ಮನ ದನಿ ಬಂದ ಕೂಡಲೇ ಸೀರೆ ಇಟ್ಟು ಜಾಗ ಖಾಲಿ ಮಾಡುತ್ತಿದ್ದರು. ಅತ್ತ ಗಿರಣಿಯಲ್ಲಿ ಇನ್ನೊಂದು ಪೇಚು. ಕೆಂಪಾಜಮ್ಮ ಕೈಯಲ್ಲಿ ಏನು ತೋರಿಸಿದರೂ ಗಿರಾಕಿಗಳಿಗೆ ಅರ್ಥವಾಗದೆ, ನಾನೇ ಮಿಷನ್ ತುಳಿಯುತ್ತ ಈ ಕಡೆಯಿಂದ ಕೂಗಬೇಕಾಯಿತು: "ರಾಗಿ ಒಣಗಿಲ್ಲ, ಬಿಸಿಲಿಗೆ ಹಾಕಿ ತತ್ತಾ. ಗೋಧಿ ಆಮೇಲೆ, ಮೊದ್ಲು ಅಕ್ಕಿಯೋರು." ಅವರು ಕೈ ಎತ್ತಿ, ಸರಿ ಅನ್ನುವ ಹಾಗೆ ತಲೆ ಆಡಿಸುತ್ತಿದ್ದರು. ಎರಡು ದಿನದಲ್ಲಿ ನನಗೆ ಯಾರ ಕಾಳು ಎಷ್ಟು ಸಲ ಹಾಕಬೇಕು ಅನ್ನುವುದೆಲ್ಲ ಬಾಯಿಪಾಠವಾಯಿತು.

ಸಾಯಂಕಾಲ ಮಾತ್ರ ನನಗೆ ಸರಿಹೋಗುತ್ತಿರಲಿಲ್ಲ. ಗಿರಣಿ ನಿಂತ ಮೇಲೆ ಕೆಂಪಾಜಮ್ಮ ಮೆಟ್ಟಿಲಿನ ಮೇಲೆ ಬಂದು ಕೂರುತ್ತಿದ್ದರು, ಜಗಳದ ಹೊತ್ತಿಗೆ ಸರಿಯಾಗಿ. ಆಡಲು ದನಿಯಿಲ್ಲ, ಆದರೂ ಬಂದು ನನ್ನ ಅಂಗಡಿಯ ಕಡೆಗೇ ಮುಖ ಮಾಡಿ ಕೂರುತ್ತಿದ್ದರು. ಅವರ ಮನೆಗೆ ಯಾರೂ ಬರುವುದಿಲ್ಲ, ಹೋಗುವುದಿಲ್ಲ ಅನ್ನುವುದನ್ನು ನಾನು ಅಷ್ಟು ವರ್ಷ ನೋಡುತ್ತಿದ್ದರೂ ಗಮನಿಸಿರಲಿಲ್ಲ. ಒಂದು ದಿನ ನಾನೇ ಮನಸ್ಸು ತಡೆಯದೆ ಅವರ ದನಿಯಲ್ಲಿ ನನ್ನನ್ನೇ ಬೈದುಕೊಂಡೆ, "ಏನೇ ವೇಣಿ, ದಾರ ಗುಡಿಸಕ್ಕೆ ನಿನ್ನ ಕೈಗೇನಾಗಿದೆ?" ಅವರು ಬಾಯಿಗೆ ಸೆರಗು ಹಿಡಿದು ಮೈ ಕುಲುಕಿಸಿ ನಕ್ಕರು. ಅಷ್ಟು ನಕ್ಕರೂ ಒಂದಿಷ್ಟೂ ಸದ್ದಿರಲಿಲ್ಲ.

ವಾಮನ ಮೇಷ್ಟ್ರು ನನ್ನ ದೂರುಗಳನ್ನೆಲ್ಲ ಕೇಳಿ ತಲೆ ಚಚ್ಚಿಕೊಂಡರು. "ಹಿಂಗೆ ಹೇಳಿದ್ರೆ ಯಾರಮ್ಮ ಸೀಟು ಕೊಡ್ತಾರೆ? ಒಳ್ಳೇದನ್ನೇ ದೂರು ಮಾಡಿ ಹೇಳ್ಬೇಕು. ಈ ಹುಡುಗಿ ತುಂಬಾ ಶಿಸ್ತು, ಅದೇ ನನಗೆ ಹಿಂಸೆ ಅಂತ. ಸೀಟು ಬೇಡ ಅನ್ನೋ ಮಾತನ್ನ ಗಡಿಬಿಡೀಲಿ ನುಂಗ್ಬಿಡು. ಆ ಯಮ್ಮ ಚಮಚ ಎತ್ತೋದ್ರೊಳಗೆ ನಮಸ್ಕಾರ ಹಾಕಿ ಈಚೆ ಬಾ." ನನಗೆ ಆಸೆಯಾಗಲಿಲ್ಲ ಅಂದರೆ ಸುಳ್ಳಾದೀತು. ಸಂದರ್ಶನದ ಹಿಂದಿನ ದಿನವೆಲ್ಲ ಆ ಮಾತುಗಳನ್ನೇ ಬಾಯಲ್ಲಿ ಹೊರಳಿಸುತ್ತಿದ್ದೆ. ಆದರೆ ಬೆಳಿಗ್ಗೆ ನೋಡಿದರೆ ಕೆಂಪಾಜಮ್ಮ ತಲೆಗೆ ಎಣ್ಣೆ ಹಚ್ಚಿ, ಮಡಿಕೆಯ ಗೆರೆ ಮಾಸದ ಸೀರೆ ಉಟ್ಟು, ಲೋಟ ಬೆಳಗಿಕೊಂಡು ಓಣಿಯಲ್ಲಿ ನಿಂತಿದ್ದರು. ಅವರನ್ನು ಹಿಟ್ಟಿಲ್ಲದೆ ನೋಡಿದ್ದು ಅದೇ ಮೊದಲು. ಮೇಷ್ಟ್ರ ಮಾತೆಲ್ಲ ಅಲ್ಲೇ ಬಿದ್ದುಹೋಯಿತು.

ದೋಣಿಯಲ್ಲಿ ಹೊಳೆ ದಾಟಿ ಕಾಲೇಜಿಗೆ ಹೋದೆವು. ನಮಗಿಂತ ಮುಂದೆ ಗುಣಪಾಲ ಇದ್ದ. ಅವನಿಗೆ ಕೊನೆಗೂ ಒಬ್ಬ ಶತ್ರು ಸಿಕ್ಕಿದ್ದರು, ವಾಮನ ಮೇಷ್ಟ್ರೇ. ಅವನ ಒಳ್ಳೆಯತನ ನೋಡಿ ನೋಡಿ ಅವರಿಗೇ ತಡೆಯಲಾಗಿರಲಿಲ್ಲ. ಒಳಗಿನಿಂದ ಮೇಷ್ಟ್ರ ದನಿ ಕೇಳಿಸುತ್ತಿತ್ತು, "ಇವನಷ್ಟು ಅಯೋಗ್ಯ ಶಿಷ್ಯನನ್ನು ನಾನು ಕಂಡಿಲ್ಲ", ಒಂದೂ ಟಣ್ ಇಲ್ಲ. ಗುಣಪಾಲ ಕಣ್ಣೀರು ಸುರಿಸುತ್ತ ಸೀಟು ತೆಗೆದುಕೊಂಡು ಹೊರಗೆ ಬಂದ.

ನನ್ನ ಸರದಿ. ಮೇಜಿನ ಆಚೆ ಮೂವರು. ನಡುವೆ ಪ್ರಿನ್ಸಿಪಾಲರಾದ ದಕ್ಷಿಣಾಮೂರ್ತಿಯವರು, ಕನ್ನಡಕದ ಮೇಲಿನಿಂದ ನೋಡುವವರು. ಹಿಂದಿನ ಬೆಂಚಿನಲ್ಲಿ ಕೆಂಪಾಜಮ್ಮ, ಮಡಿಲಲ್ಲಿ ಲೋಟ.

ಶುರು ಮಾಡಿದೆ. ಡಬ್ಬಿ ಬಿಚ್ಚಿ ದಾರಗಳನ್ನು ಮೇಜಿನ ಮೇಲೆ ಸುರಿದೆ. ಯಾವ ಹಬ್ಬದ ಸೀಸನ್ನಿನಲ್ಲಿ ಯಾವ ಬಣ್ಣ ಹಿಟ್ಟಿನಲ್ಲಿ ಸಿಕ್ಕಿತು, ಬಾಣಂತಿಯ ಮನೆಯವರು ದಾರ ನೋಡಿ ಗಂಜಿ ಹಿಟ್ಟನ್ನು ಹೇಗೆ ವಾಪಸು ತಂದು ಎಸೆದರು, ಅವತ್ತು ಈ ವೇಣಿ ಬಾಗಿಲಲ್ಲಿ ನಿಂತು ಹೇಗೆ ನಕ್ಕಳು, ಹಿಟ್ಟಿನ ದೆವ್ವ ಅಂದಾಗ ಎಷ್ಟು ಜನ ಕೇಳಿಸಿಕೊಂಡರು, ಎಲ್ಲ ಹೇಳಿದೆ. ಹೇಳುತ್ತ ಹೋದ ಹಾಗೆ ನನಗೇ ನನ್ನ ಮೇಲೆ ಸಿಟ್ಟು ಬರತೊಡಗಿತು. ಇಂಥವಳನ್ನು ಎದುರಿಗೆ ಇಟ್ಟುಕೊಂಡು ಈ ಹೆಂಗಸು ಹೇಗೆ ಬದುಕಿದರು ಅನ್ನಿಸಿತು. ಹಿಂದಿನಿಂದ ಒಂದೂ ಸದ್ದಿಲ್ಲ. ಕಿಟಕಿಯ ಕೆಳಗೆ ನಿಂತು ಕಂಡ ಕನಸು ಇದೇ, ಆದರೆ ನನ್ನ ಮೇಲೆಯೇ ನಡೆಯುತ್ತಿದೆ.

"ಸರಿ" ಅಂದರು ಪ್ರಿನ್ಸಿಪಾಲರು. "ನಿಮ್ಮ ಕಕ್ಷಿದಾರರು ಕೇಳೋದು ಏನು?"

ಅಲ್ಲಿಗೆ ಬಂದಿತು. ಕಣ್ಣು ಮುಚ್ಚಿಕೊಂಡೆ. "ಈ ವೇಣಿಗೆ ಸೀಟು ಕೊಡ್ಬೇಡಿ."

ಟಣ್.

ಚಮಚ ಜಾರಿರಬೇಕು ಅಂದುಕೊಂಡೆ. ಪ್ರಿನ್ಸಿಪಾಲರು ಒಂದು ಬೆರಳು ಎತ್ತಿದರು, ಒಂದು ಸಲ ಆಯಿತು ಅಂತ. ಹಾಗಾದರೆ ಮನಸ್ಸು ಕರಗಿದೆ ಅಂತ ನನಗೆ ಜೀವ ಬಂದ ಹಾಗಾಯಿತು. ತಡಮಾಡದೆ ಅಂದೆ, "ಸೀಟು ಕೊಡಿ."

ಟಣ್.

ಮೂಲೆಯಲ್ಲಿದ್ದ ಗುಮಾಸ್ತ ನಕ್ಕ. ಪ್ರಿನ್ಸಿಪಾಲರು ನಗಲಿಲ್ಲ. "ಕೊಡಬೇಡಿ ಅಂದರೂ ಆಗೋದಿಲ್ಲ, ಕೊಡಿ ಅಂದರೂ ಆಗೋದಿಲ್ಲ. ಇನ್ನೊಂದು ಸಲ ಸದ್ದಾದರೆ ನೀವು ಹೊರಡಬಹುದು. ಯೋಚನೆ ಮಾಡಿ ಹೇಳಿ."

ತಿರುಗಿ ನೋಡಿದೆ. ಕೆಂಪಾಜಮ್ಮ ನನ್ನನ್ನು ನೋಡುತ್ತಿರಲಿಲ್ಲ. ಮುಂಗೈ ಮೇಲೆ ಇಲ್ಲದ ಹಿಟ್ಟನ್ನು ಉಜ್ಜುತ್ತಿದ್ದರು, ಕಣ್ಣು ಕಿಟಕಿಯಾಚೆ ಹಾಸ್ಟೆಲ್ಲಿನ ಕಡೆಗಿತ್ತು. ಸೇರಿದವರು ಮೂರು ವರ್ಷ ಅಲ್ಲೇ ಇರಬೇಕು ಅಂತ ದೋಣಿಯವನು ಬರುವಾಗ ಹೇಳಿದ್ದ. ನನಗೆ ಸಾಯಂಕಾಲದ ಮೆಟ್ಟಿಲು ನೆನಪಾಯಿತು. ಕೋಪದ ದೂರೆಲ್ಲ ಹೇಳಿ ಮುಗಿದಿತ್ತು, ಅವರು ನನಗೆ ಒಪ್ಪಿಸದೆ ಉಳಿಸಿಕೊಂಡದ್ದು ಒಂದಿತ್ತು. ಅದನ್ನು ಹೇಳಿ ತಪ್ಪಾದರೆ ಎಲ್ಲ ಮುಗಿಯಿತು. ಆದರೂ ಬಾಯಿ ಬಿಟ್ಟೆ.

"ಸೀಟು ಕೊಡದೇ ಇರೋಕೆ ಆಗಲ್ಲ ಸ್ವಾಮಿ, ನೀವೇ ಕೇಳಿದ್ರಲ್ಲ, ಹೆಂಗೆ ಮಾತಾಡ್ತಾಳೆ ಅಂತ. ಆದ್ರೆ ಕೊಟ್ರೆ ಇವಳು ಹೊಳೆ ದಾಟಿ ಬಂದ್ಬಿಡ್ತಾಳೆ. ಬೆಳಿಗ್ಗೆ ಎದ್ರೆ ಎದುರು ಬಾಗ್ಲು ಹಾಕಿರುತ್ತೆ. ನಾನು ಯಾರ ಹತ್ರ ಜಗಳ ಆಡ್ಲಿ? ಅದಕ್ಕೇನಾದ್ರೂ ದಾರಿ ಮಾಡಿ ಆಮೇಲೆ ಕೊಡಿ."

ಕೊನೆಯ ಮಾತಿಗೆ ಬರುವಾಗ ದನಿ ನಡುಗಿತು. ನಾನು ನಡುಗಿಸಿದ್ದಲ್ಲ. ಲೋಟದ ಕಡೆಯಿಂದ ಏನಾದರೂ ಬರುತ್ತದೆಯೋ ಅಂತ ಎಲ್ಲರೂ ಕಾದರು, ಗುಮಾಸ್ತನೂ ಕಾದ. ಏನೂ ಬರಲಿಲ್ಲ. ತಿರುಗಿ ನೋಡಿದರೆ ಕೆಂಪಾಜಮ್ಮ ಚಮಚವನ್ನು ಲೋಟದೊಳಗೆ ಹಾಕಿ, ಮೇಲೆ ಸೆರಗು ಮುಚ್ಚಿಕೊಂಡಿದ್ದರು.

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿದರು. "ಸೀಟು ಕೊಡ್ತೀವಿ. ಹಾಸ್ಟೆಲ್ ನಿಯಮ ಬದಲಾಯಿಸೋಕೆ ನನ್ನ ಕೈಲಿ ಆಗಲ್ಲ. ದಾರಿ ನೀವೇ ಹುಡುಕ್ಕೊಳ್ಳಿ."

ಮನೆಗೆ ಬಂದು ಅವರ ದನಿಯನ್ನು ಅದೇ ಲೋಟದಲ್ಲಿ ವಾಪಸು ಕೊಟ್ಟೆ. ಕುಡಿದು ಬಾಯಿ ಒರೆಸಿಕೊಂಡು ಅವರು ಆಡಿದ ಮೊದಲ ಮಾತು, "ನೀರು ತಣ್ಣಗಿದೆ. ಒಂಚೂರು ಬೆಚ್ಚಗೆ ಮಾಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಕಾಲೇಜಿನ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೊರಡುವ ದಿನದ ತನಕ ಹಿಟ್ಟು, ದಾರ, ಹಿಟ್ಟು, ದಾರ ಅಂತಲೇ ಕಾಲ ಹಾಕಿದೆವು.

ಕಾಲೇಜಿನ ಒಳಗೆ ಸ್ವಂತ ದನಿ ಒಯ್ಯುವ ಹಾಗಿಲ್ಲ. ಓದು ಮುಗಿಯುವ ತನಕ ಬೇರೆಯವರ ದನಿಯಲ್ಲೇ ಪಾಠ, ಬೇರೆಯವರ ದನಿಯಲ್ಲೇ ಪರೀಕ್ಷೆ. ಪಾಠ ಮುಗಿದ ಮೇಲೆ ಅದನ್ನೂ ವಾಪಸು ಕೊಟ್ಟು ಹಾಸ್ಟೆಲ್ಲಿನಲ್ಲಿ ಬರೀ ಕೈಸನ್ನೆ. ತಮ್ಮದನ್ನು ಊರಲ್ಲೇ ನಂಬಿದವರ ಹತ್ತಿರ ಬಿಟ್ಟು ಬರಬೇಕು. ಎಲ್ಲರೂ ತಾಯಿಯ ಹತ್ತಿರ ಬಿಡುತ್ತಾರೆ. ನಮ್ಮ ಅವ್ವನೂ ದೋಣಿಯ ಕಟ್ಟೆಗೆ ಲೋಟ ನೀರು ತಂದು ನಿಂತಿದ್ದಳು. ನಾನು ನೀರಿಗೆ ಹೆಸರು ಹೇಳುವ ಮುಂಚೆ ಅವಳ ಮುಖ ನೋಡಿದೆ. ಅವಳು ಅಂದಳು, "ನನಗ್ಯಾಕೆ ಬೇಕು ಆ ಗಯ್ಯಾಳಿ ದನಿ. ಮನೇಲಿ ಒಂದಿಷ್ಟು ದಿನ ನೆಮ್ಮದಿಯಾಗಿರ್ತೀನಿ. ಕೊಡೋರಿಗೆ ಕೊಡು." ನನ್ನ ಅವ್ವ ಹಾಗೆ, ಎಲ್ಲ ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಇರುತ್ತಾಳೆ.

ನೀರಿಗೆ ಹೆಸರು ಹೇಳಿ ಲೋಟವನ್ನು ಕೆಂಪಾಜಮ್ಮನ ಕೈಗೆ ಕೊಟ್ಟೆ. ಒಂದು ವಾರ ಗಂಟಲು ಪಳಗಿದರೆ ಜಗಳದ ಎರಡೂ ಕಡೆ ಅವರ ಹತ್ತಿರವೇ ಇರುತ್ತದೆ. ಅವರು ಗಿರಣಿ ಅರ್ಧಕ್ಕೆ ನಿಲ್ಲಿಸಿ ಬಂದಿದ್ದರು, ರೆಪ್ಪೆಯ ಮೇಲೆಲ್ಲ ಹಿಟ್ಟು. ಲೋಟ ನೋಡಿದರು, ನನ್ನನ್ನು ನೋಡಿದರು, ಏನೋ ಬೈಯಲು ಬಾಯಿ ತೆರೆದು ಬೈಯದೆ ಗಟಗಟ ಕುಡಿದುಬಿಟ್ಟರು. ಬರಿ ಲೋಟವನ್ನೂ ಸೊಂಟದಲ್ಲಿ ಸಿಕ್ಕಿಸಿಕೊಂಡು ತಂದಿದ್ದ ಚಮಚವನ್ನೂ ನನ್ನ ಕೈಗಿಟ್ಟರು. ಈಗ ಕಕ್ಷಿದಾರಳು ನಾನು.

ದೋಣಿ ಹತ್ತಿ ಕೂತೆ. ಕಟ್ಟೆಯ ಮೇಲೆ ನಿಂತು ಕೆಂಪಾಜಮ್ಮ ಗಂಟಲು ಸರಿಮಾಡಿಕೊಂಡು, ನನ್ನದೇ ದನಿಯಲ್ಲಿ, ಊರಿಗೆಲ್ಲ ಕೇಳುವ ಹಾಗೆ ಸಾರಿದರು, "ಕೆಂಪಾಜಮ್ಮನ ಗಿರಣಿಯಿಂದ ಇವತ್ತಿನವರೆಗೂ ಒಂದು ಚಿಟಿಕೆ ಹಿಟ್ಟು ಹಾರಿಲ್ಲ."

ಟಣ್ ಅಂತ ಬಡಿದೆ, ಚಮಚ ಬಗ್ಗುವ ಹಾಗೆ. ದೋಣಿಯವನು ಬೆಚ್ಚಿ ಹುಟ್ಟು ಕೈಬಿಟ್ಟ. ಕಟ್ಟೆಯ ಮೇಲೆ ಅವ್ವ ಹೊಟ್ಟೆ ಹಿಡಿದುಕೊಂಡಳು. ಕೆಂಪಾಜಮ್ಮ ನಕ್ಕರು, ಈ ಸಲ ಸದ್ದು ಮಾಡಿ, ನನ್ನ ದನಿಯಲ್ಲಿ. ನಾನು ನಕ್ಕರೆ ಅಷ್ಟು ಚೆನ್ನಾಗಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ದೋಣಿ ಸ್ವಲ್ಪ ದೂರ ಹೋದ ಮೇಲೆ ಅವರು ನೀರಿನ ಅಂಚಿಗೆ ಇಳಿದು ಬಂದರು. ಕೂಗಲಿಲ್ಲ, ಓಣಿಯಲ್ಲಿ ನಿಂತು ಆಡುವಷ್ಟೇ ಜೋರಾಗಿ, ನನ್ನ ಪರವಾಗಿ, "ಬೇಗ ಬರ್ತೀನಿ ಕೆಂಪಾಜಮ್ಮ" ಅಂದರು.

ಲೋಟ ಮಡಿಲಲ್ಲಿತ್ತು, ಚಮಚ ಕೈಯಲ್ಲಿತ್ತು. ನಾನು ಬಡಿಯಲಿಲ್ಲ.